ಕೈಯಲ್ಲಿ ಹಿಡಿಯುವ ಅಲ್ಟ್ರಾಸೌಂಡ್‌ನ ಬ್ಯಾಟರಿ ಒಂದು ತಾಸೂ ಬರುತ್ತಿಲ್ಲ, ಟ್ರಾನ್ಸ್‌ಮಿಟ್ ವೋಲ್ಟೇಜ್ ಇಳಿಸಲೇ?

ಗದಗಿನಲ್ಲಿ ನಿಮ್ಮ ತಂಡ ಮಾಡುತ್ತಿರುವುದು 64 ಚಾನೆಲ್‌ನ (ಶಬ್ದ ಕಳಿಸಿ ಕೇಳುವ 64 ದಾರಿಗಳ) ಪ್ರೋಬ್, ಅಂದರೆ ಮೈಗೆ ಹಿಡಿಯುವ ಉಪಕರಣ, ಹೊಟ್ಟೆಯ ಸ್ಕ್ಯಾನಿಂಗ್‌ಗೆ ಎಂದು ಬರೆದಿದ್ದೀರಿ. ನಾನು ಹುಬ್ಬಳ್ಳಿಯಲ್ಲಿ ಇಂಥದ್ದೇ ಬೋರ್ಡ್‌ಗಳ ಮೇಲೆ ಕೆಲಸ ಮಾಡುತ್ತೇನೆ. ಸದ್ಯ ವೋಲ್ಟೇಜ್‌ಗೆ ಕೈ ಹಚ್ಚಬೇಡಿ.

ಶಬ್ದ ಹೊರಡಿಸುವ 100 ವೋಲ್ಟ್‌ನ ಪಲ್ಸ್ ನೋಡಿದರೆ ಕರೆಂಟ್ ತಿನ್ನುವುದು ಅದೇ ಅನಿಸುತ್ತದೆ. ನನಗೂ ಹಾಗೇ ಅನಿಸಿತ್ತು. ಆದರೆ ಲೆಕ್ಕ ಹಾಕಿ ನೋಡಿ. 3 ಮೆಗಾಹರ್ಟ್ಸ್‌ನಲ್ಲಿ ಎರಡು ಸೈಕಲ್ ಕಳಿಸಲು ಒಂದು ಮೈಕ್ರೋಸೆಕೆಂಡೂ ಬೇಕಾಗಿಲ್ಲ. ಮೈಯೊಳಗೆ ಶಬ್ದ ಸೆಕೆಂಡಿಗೆ ಸುಮಾರು 1540 ಮೀಟರ್ ಹೋಗುತ್ತದೆ. 15 ಸೆಂಟಿಮೀಟರ್ ಆಳಕ್ಕೆ ಹೋಗಿ ಬರಲು 195 ಮೈಕ್ರೋಸೆಕೆಂಡ್. ಕೂಗುವುದು ಒಂದು ಕ್ಷಣ, ಕಿವಿಗೊಟ್ಟು ಕೂರುವುದೇ ಜಾಸ್ತಿ, ಅಲ್ವಾ? ಅಷ್ಟು ಹೊತ್ತೂ 64 ಆಂಪ್ಲಿಫೈಯರ್, 64 ಎಡಿಸಿ (ಸಿಗ್ನಲ್ಲನ್ನು ಅಂಕಿಯಾಗಿಸುವ ಚಿಪ್ಪಿನ ಭಾಗ) ಎಚ್ಚರವಾಗಿರುತ್ತವೆ. ಚಾನೆಲ್‌ಗೆ 100 ಮಿಲಿವ್ಯಾಟ್ ಹಿಡಿದರೂ 6.4 ವ್ಯಾಟ್ ಅಲ್ಲೇ ಹೋಯಿತು. ವೋಲ್ಟೇಜ್ ಅರ್ಧ ಮಾಡಿದರೆ ಉಳಿಯುವುದು ಸ್ವಲ್ಪ. ಪ್ರತಿಧ್ವನಿ ಮಾತ್ರ 6 ಡೆಸಿಬಲ್ ಕುಗ್ಗಿ, ಸುಮಾರು 2 ಸೆಂಟಿಮೀಟರ್ ಆಳ ಕಾಣದಂತಾಗುತ್ತದೆ. ದಪ್ಪ ಮೈಯವರಲ್ಲಿ ಆ 2 ಸೆಂಟಿಮೀಟರೇ ಬೇಕಾಗಿರುತ್ತದೆ.

ಹಾಗಾಗಿ ಉಳಿತಾಯವನ್ನು ಕೇಳುವ ಕಡೆ ಹುಡುಕಿ. ಒಮ್ಮೆ ಕೂಗಿ ಕೇಳಿದರೆ ಚಿತ್ರದ ಒಂದು ಲೈನ್; ಒಂದು ಫ್ರೇಮ್‌ಗೆ, ಅಂದರೆ ಒಂದು ಪೂರ್ತಿ ಚಿತ್ರಕ್ಕೆ, 128 ಲೈನ್ ಅಂದರೆ 25 ಮಿಲಿಸೆಕೆಂಡ್, ಸೆಕೆಂಡಿಗೆ 40 ಫ್ರೇಮ್. ಹೃದಯದ ಕವಾಟ ನೋಡಲು ಅಷ್ಟು ಬೇಕು. ಕಿಡ್ನಿ, ಲಿವರ್‌ಗೆ 20 ಸಾಕು, ಅಂದರೆ ಫ್ರೇಮ್‌ಗೆ 50 ಮಿಲಿಸೆಕೆಂಡ್ ಸಿಗುತ್ತದೆ. ಇಲ್ಲಿ ನಾವು ಒಂದು ತಪ್ಪು ಮಾಡಿದ್ದೆವು. ಫ್ರೇಮ್ ಇಳಿಸಿದೆವು, ಬ್ಯಾಟರಿ ಮಾತ್ರ ಮೊದಲಿನಷ್ಟೇ ಬಂತು. ಎರಡು ದಿನ ತಲೆ ಕೆಡಿಸಿಕೊಂಡ ಮೇಲೆ ಗೊತ್ತಾಯಿತು: ಲೈನ್‌ಗಳ ನಡುವೆ ಬಿಡುವು ಕೊಟ್ಟಿದ್ದೆವು, ಚಿಪ್‌ಗಳನ್ನು ಮಲಗಿಸಿರಲಿಲ್ಲ. ಎಡಿಸಿ ಸುಮ್ನೆ ಓಡುತ್ತಲೇ ಇತ್ತು. ಎಲ್ಲ ಲೈನ್ ಒಂದೇ ಉಸಿರಿಗೆ ಮುಗಿಸಿ, ಉಳಿದ 25 ಮಿಲಿಸೆಕೆಂಡ್ ಚಿಪ್ಪನ್ನು ಪೂರ್ತಿ ಆರಿಸದೆ ಅರೆನಿದ್ದೆಗೆ ಕಳಿಸಿ. ಅದರಿಂದ ಏಳಲು ಕೆಲವೇ ಮೈಕ್ರೋಸೆಕೆಂಡ್ ಸಾಕು. ಎದ್ದ ತಕ್ಷಣ ಸಪ್ಲೈ ವೋಲ್ಟೇಜ್ ಸ್ವಲ್ಪ ಜಗ್ಗುತ್ತದೆ, ಚಿತ್ರದ ಅಂಚಿನಲ್ಲಿ ಗೆರೆ ಬೀಳುತ್ತದೆ. ಮೊದಲ ಒಂದೆರಡು ಲೈನ್ ಎಸೆದುಬಿಡಿ.

ಥೈರಾಯ್ಡ್‌ನಂಥ, ಚರ್ಮಕ್ಕೆ ಹತ್ತಿರದ ಭಾಗಕ್ಕೆ 4 ಸೆಂಟಿಮೀಟರ್ ಆಳ ಸಾಕು, 52 ಮೈಕ್ರೋಸೆಕೆಂಡ್‌ಗೆ ಲೈನ್ ಮುಗಿಯುತ್ತದೆ. ಆಳದ ಬಟನ್ ಒತ್ತಿದಾಗ ಚಿತ್ರ ಮಾತ್ರವಲ್ಲ, ನಿದ್ದೆಯ ಹೊತ್ತೂ ಬದಲಾಗಲಿ.

ಇನ್ನೊಂದು ಸಂಗತಿ ಡಾಕ್ಟರ ಪಕ್ಕ ನಿಂತು ನೋಡಿದಾಗ ತಿಳಿಯಿತು. ಜೆಲ್ ಹಚ್ಚುತ್ತಾರೆ, ರೋಗಿಯನ್ನು ಮಗ್ಗುಲಾಗಿಸುತ್ತಾರೆ, ಮನೆಯವರ ಹತ್ತಿರ ಮಾತಾಡುತ್ತಾರೆ. ಪ್ರೋಬ್ ಗಾಳಿಯಲ್ಲೇ ಇರುತ್ತದೆ, ಪೂರ್ತಿ ಶಕ್ತಿ ತಿನ್ನುತ್ತ. ಗಾಳಿಯಲ್ಲಿದ್ದಾಗ ಚಿತ್ರದ ಮೇಲ್ಭಾಗದಲ್ಲಿ ಒಂದೇ ಥರದ ಪಟ್ಟೆಗಳು ಬಂದು, ಕೆಳಗೆ ಏನೂ ಇರುವುದಿಲ್ಲ. ಅದನ್ನು ಗುರುತಿಸಿ ಸೆಕೆಂಡಿಗೆ 2 ಫ್ರೇಮ್‌ಗೆ ಇಳಿಸಿ. ನನ್ನ ಪ್ರಕಾರ ಇಷ್ಟು ಕಡಿಮೆ ಶ್ರಮಕ್ಕೆ ಇಷ್ಟು ಲಾಭ ಬೇರೆಲ್ಲೂ ಇಲ್ಲ.

ವೈಫೈ ಮೇಲೆ ಕಚ್ಚಾ ಡೇಟಾ ಕಳಿಸಬೇಡಿ, ಚಿತ್ರ ಮಾಡಿ ಕುಗ್ಗಿಸಿ ಕಳಿಸಿ.

ಇದು ಬ್ಯಾಟರಿಯ ಪ್ರಶ್ನೆ ಮಾತ್ರವೂ ಅಲ್ಲ. ಫ್ಯಾನ್ ಇಲ್ಲದ ಪ್ರೋಬ್‌ನಲ್ಲಿ ತಿಂದ ವ್ಯಾಟೆಲ್ಲ ಬಿಸಿಯಾಗಿ ಹೊರಬರಬೇಕು. ಮೈಗೆ ತಾಗುವ ಭಾಗ 43 ಡಿಗ್ರಿ ದಾಟುವಂತಿಲ್ಲ. ಹಾವೇರಿ ಜಿಲ್ಲೆಯ ಒಂದು ಸಣ್ಣ ಆಸ್ಪತ್ರೆಯಲ್ಲಿ, ಏಪ್ರಿಲ್ ಮಧ್ಯಾಹ್ನ, ಕರೆಂಟ್ ಹೋಗಿ ಫ್ಯಾನ್ ನಿಂತಿದ್ದಾಗ ನಮ್ಮ ಪ್ರೋಬ್ ಬಿಸಿಯಾಗಿ ತಾನೇ ಆಫ್ ಆಯಿತು. ಬ್ಯಾಟರಿ ಇನ್ನೂ ಅರ್ಧ ಇತ್ತು. ಸ್ಕ್ಯಾನ್‌ಗೆ ಬಂದಿದ್ದ ಅಜ್ಜಿ ಮಂಚದ ಮೇಲೆ ಕಾಯುತ್ತ ಮಲಗಿದ್ದು ನನಗೆ ಇವತ್ತಿಗೂ ನೆನಪಿದೆ.

ಮೊದಲು ವಿದ್ಯುತ್ ಕೊಡುವ ಪ್ರತಿ ಸಪ್ಲೈ ತಂತಿಗೂ ಸಣ್ಣ ಶಂಟ್ (ಕರೆಂಟ್ ಅಳೆಯುವ ಚಿಕ್ಕ ರೆಸಿಸ್ಟರ್) ಹಾಕಿ, ಆಸಿಲೋಸ್ಕೋಪ್‌ನಲ್ಲಿ (ಕ್ಷಣಕ್ಷಣದ ಏರಿಳಿತ ತೋರಿಸುವ ಯಂತ್ರದಲ್ಲಿ) ಒಂದು ಫ್ರೇಮ್ ಪೂರ್ತಿ ನೋಡಿ. ಮಲ್ಟಿಮೀಟರ್ ಸರಾಸರಿ ಮಾತ್ರ ತೋರಿಸುತ್ತದೆ. ಬಂದ ಅಳತೆಗಳನ್ನು ಇಲ್ಲೇ ಬರೆಯಿರಿ, ಮುಂದಿನದು ಕೂತು ನೋಡೋಣ.