ನೀರು ಅನ್ನೋಕೆ ಹೋಗಿ ಚಾವಿ ಅಂತಾರೆ

ಪ್ರಶ್ನೆ: ಅಪ್ಪಂಗೆ ಮೂರು ತಿಂಗಳ ಹಿಂದೆ ಸ್ಟ್ರೋಕ್ ಆಯ್ತು. ಬಲಗೈ ಸ್ವಲ್ಪ ಪರ್ವಾಗಿಲ್ಲ, ಆದ್ರೆ ನೀರು ಬೇಕಂದ್ರೆ ಚಾವಿ ಅಂತಾರೆ, ನಂಗೆ ಅರ್ಥ ಆಗ್ದಿದ್ರೆ ಲೋಟ ತಳ್ಳಿಬಿಡ್ತಾರೆ, ನಾನೂ ರೇಗ್ತೀನಿ, ಆಮೇಲೆ ಬಚ್ಚಲಲ್ಲಿ ಕೂತು ಅಳ್ತೀನಿ. ಬುದ್ಧಿನೇ ಹೋಯ್ತಾ?
- ಹೆಸರು ಬೇಡ, ತುಮಕೂರು

ಉತ್ತರ: ಬುದ್ಧಿ ಹೋಗಿದೆ ಅಂತ ಅಂದ್ಕೋಬೇಡಿ. ಇದು ಅಫೇಸಿಯಾ ಇರ್ಬಹುದು, ಸಾಮಾನ್ಯವಾಗಿ ಮೆದುಳಿನ ಎಡಭಾಗಕ್ಕೆ ಪೆಟ್ಟು ಬಿದ್ದಾಗ ಬರೋದು, ಏನ್ ಬೇಕು ಅಂತ ಅವ್ರಿಗೆ ಗೊತ್ತು ಆದ್ರೆ ಸರಿಯಾದ ಪದ ಕೈಗೆ ಸಿಗಲ್ಲ, ತಪ್ಪು ಪದ ಬಂದಿದ್ದು ಎಷ್ಟೋ ಸಲ ಅವ್ರಿಗೂ ಗೊತ್ತಾಗುತ್ತೆ, ಲೋಟ ತಳ್ಳೋ ಸಿಟ್ಟು ಅದೇ ಇರ್ಬೇಕು, ನಿಮ್ ಮೇಲಲ್ಲ. ಟಿವಿ ಆಫ್ ಮಾಡಿ, ಎದುರಿಗೆ ಕೂತ್ಕೊಳ್ಳಿ. "ಏನ್ ಬೇಕು" ಅನ್ನೋ ಬದ್ಲು "ಕಾಫಿನಾ, ನೀರಾ" ಅಂತ ತೋರಿಸಿ ಕೇಳಿ, ತಲೆ ಆಡಿಸಿದ್ರೂ ಸಾಕು. ಅವ್ರ ಮಾತನ್ನ ನೀವೇ ಮುಗಿಸೋಕೆ ಹೋಗ್ಬೇಡಿ (ನಾವೆಲ್ಲ ಮಾಡೋ ತಪ್ಪೇ ಇದು). ನೆಂಟ್ರು ಬಂದಾಗ ಅವ್ರ ಮುಂದೇನೇ "ಇವ್ರಿಗೇನೂ ತಿಳಿಯಲ್ಲ" ಅನ್ನೋದನ್ನಂತೂ ನಿಲ್ಲಿಸಿ. ಸ್ಪೀಚ್ ಥೆರಪಿ ಬೇಗ ಶುರು ಮಾಡಿಸಿ, ಮೈಸೂರಲ್ಲಿ 1965ರಿಂದ ಇರೋ ವಾಕ್ ಶ್ರವಣ ಸಂಸ್ಥೆಯಲ್ಲಿ ಇದನ್ನೇ ನೋಡ್ತಾರೆ. ಇನ್ನು ನಿಮ್ ಅಳು. ಅಣ್ಣನೋ ತಂಗಿನೋ ಇದ್ರೆ ವಾರಕ್ಕೊಂದು ದಿನ ಅವ್ರಿಗೆ ಒಪ್ಪಿಸಿ ಹೊರಗೆ ಹೋಗಿ ಬನ್ನಿ.