ಟೋಕಿಯೋದಲ್ಲಿ ಹಳೇ ಲೆನ್ಸ್ ತಗೊಳೋಕೆ ಅಲ್ಲಿನ ಐಡಿ ಬೇಕಾ?

ಸರ್, ಕಂಪ್ನಿ ಕೆಲಸಕ್ಕೆ ಎರಡು ವಾರ ಟೋಕಿಯೋಗೆ ಹೋಗ್ತಿದೀನಿ, ಹಕ್ಕಿ ಫೋಟೋಗೆ ಸೆಕೆಂಡ್ ಹ್ಯಾಂಡ್ 100-400 ಲೆನ್ಸ್ (ದೂರದ್ದನ್ನ ಹತ್ರ ತೋರಿಸೋ ಜೂಮ್) ನೋಡ್ಬೇಕು, ಅಲ್ಲಿನ ಐಡಿ ಇಲ್ದೆ ಕೊಡ್ತಾರಾ ಅಂತ ಕೇಳಿದೀರಲ್ಲ, ಧಾರಾಳವಾಗಿ ಕೊಡ್ತಾರೆ. ದುಡ್ಡು ಕೊಟ್ಟು ತಗೊಳೋರ ಹತ್ರ ಐಡಿ ಕೇಳಲ್ಲ. ಕಂತಲ್ಲಿ ತಗೋಬೇಕಂದ್ರೆ, ಕಾಲ್ ಮಾಡೋ ಸಿಮ್ ಬೇಕಂದ್ರೆ ಕೇಳ್ತಾರೆ. ಇನ್ನೊಂದು, ನಿಮ್ಮ ಹಳೇ ಲೆನ್ಸ್ ಅಲ್ಲಿ ಕೊಟ್ಟು ಎಕ್ಸ್‌ಚೇಂಜ್ ಮಾಡೋ ಯೋಚನೆ ಇದ್ರೆ ಬಿಟ್ಬಿಡಿ, ಹಳೇ ಸಾಮಾನು ಕೊಳ್ಳೋ ಅಂಗಡಿಯವ್ರು ಮಾರೋರ ಗುರುತು ವಿಳಾಸ ಎಲ್ಲಾ ಬರ್ಕೋಬೇಕು ಅಂತ ಅಲ್ಲಿ ಕಾನೂನೇ ಇದೆ, ಜಪಾನಿನ ವಿಳಾಸ ಇಲ್ದಿದ್ರೆ ಸಾಮಾನ್ಯವಾಗಿ ತಗೊಳಲ್ಲ.

ಪಾಸ್‌ಪೋರ್ಟ್ ಬೇಕಾಗೋದು ಟ್ಯಾಕ್ಸ್ ಉಳಿಸೋಕೆ. ಅಲ್ಲಿ 10% ಟ್ಯಾಕ್ಸು, ಒಂದೇ ಅಂಗಡೀಲಿ ಒಂದೇ ದಿನ ಟ್ಯಾಕ್ಸ್ ಬಿಟ್ಟು 5,000 ಯೆನ್ ಅಥವಾ ಅದಕ್ಕಿಂತ ಜಾಸ್ತಿ ಆದ್ರೆ ಪ್ರವಾಸಿಗಳಿಗೆ ಅದು ಮಾಫಿ, ಹಳೇ ಸಾಮಾನಿಗೂ ಸಿಗತ್ತೆ. 1,32,000 ಯೆನ್ ಲೆನ್ಸಿಗೆ 12,000 ಉಳೀತು ಅಂದ್ಕೊಳಿ. ಇಳಿದಾಗ ಇಮಿಗ್ರೇಶನ್‌ನವ್ರು ಅಂಟಿಸೋ ಸ್ಟಿಕ್ಕರ್ ಇರೋ ಒರಿಜಿನಲ್ ಪಾಸ್‌ಪೋರ್ಟೇ ತೋರಿಸ್ಬೇಕು. ನಾನು ಹೋದಾಗ ಪಾಸ್‌ಪೋರ್ಟ್ ಹೋಟೆಲಲ್ಲಿ ಬಿಟ್ಟು ಮೊಬೈಲಲ್ಲಿ ಅದರ ಫೋಟೋ ತೋರಿಸ್ದೆ, ಆಗಲ್ಲ ಅಂದ್ರು, ಎತ್ತಿಡಿ ಅಂತ ಹೇಳೋಕೆ ಭಾಷೆ ಬರ್ಲಿಲ್ಲ, ಮಾರನೇ ದಿನ ಹೋಗೋ ಹೊತ್ತಿಗೆ ಲೆನ್ಸ್ ಬೇರೆಯವ್ರ ಪಾಲಾಗಿತ್ತು, ಇವತ್ತಿಗೂ ಹೊಟ್ಟೆ ಉರಿಯತ್ತೆ. ಹೇಗೂ ವಿದೇಶದವ್ರು ಯಾವಾಗ್ಲೂ ಪಾಸ್‌ಪೋರ್ಟ್ ಜೊತೇಲಿ ಇಟ್ಕೋಬೇಕು ಅಂತ ಅಲ್ಲಿ ನಿಯಮ ಇದೆ. 2026 ನವೆಂಬರ್ 1ರಿಂದ ಪದ್ಧತಿ ಬದಲು, ಮೊದಲು ಟ್ಯಾಕ್ಸ್ ಸಮೇತ ಪೂರ್ತಿ ಕಟ್ಬೇಕು, ವಾಪಸ್ ಹೊರಡುವಾಗ ಏರ್‌ಪೋರ್ಟ್ ಕಸ್ಟಮ್ಸಲ್ಲಿ ಖಾತ್ರಿ ಆದ್ಮೇಲೆ ರೀಫಂಡ್ ಬರತ್ತೆ, ಹಾಗಾಗಿ ಲೆನ್ಸನ್ನ ಚೆಕ್‌ಇನ್ ಬ್ಯಾಗಿಗೆ ಹಾಕ್ಬೇಡಿ.

ಶಿಂಜುಕು ಸ್ಟೇಷನ್ ಪಶ್ಚಿಮದ ಕಡೆ ಮ್ಯಾಪ್ ಕ್ಯಾಮೆರಾ ಅನ್ನೋ ಅಂಗಡಿ ಇದೆ, ಅಲ್ಲಿಂದ ಚುವೋ ಲೈನ್ ರ್‍ಯಾಪಿಡಲ್ಲಿ ಒಂದೇ ಸ್ಟಾಪ್ ನಕಾನೋ, ಅಲ್ಲಿ ಫುಜಿಯಾ ಕ್ಯಾಮೆರಾ ಅಂಗಡಿ. ಎರಡೂ ನೋಡಿ. ಬೆಲೆ ಚೀಟೀಲಿ ಜಂಕ್ ಅಂತ ಇದ್ರೆ ಎಷ್ಟೇ ಅಗ್ಗ ಇರ್ಲಿ ಮುಟ್ಬೇಡಿ, ವಾಪಸ್ ತಗೊಳಲ್ಲ. ಕಬಿ ಅಂದ್ರೆ ಫಂಗಸ್ಸು, ಕುಮೊರಿ ಅಂದ್ರೆ ಗ್ಲಾಸ್ ಒಳಗೆ ಮಬ್ಬು, ಈ ಎರಡು ಪದ ಬಾಯಿಪಾಠ ಮಾಡ್ಕೊಂಡು ಹೋಗಿ ಕೇಳಿ. ಮೊಬೈಲ್ ಟಾರ್ಚ್ ಹಿಂದಿನಿಂದ ಬಿಟ್ಟು ಮುಂದಿನಿಂದ ನೋಡಿ, ಜೇಡರ ಬಲೆ ತರ ಎಳೆ ಕಂಡ್ರೆ ಬೇಡ್ವೇ ಬೇಡ, ನಮ್ಮ ಮಲೆನಾಡಿನ ಮಳೆಗಾಲದಲ್ಲಿ ಅದು ಇನ್ನೂ ಹಬ್ಬತ್ತೆ. ನಿಮ್ಮ ಕ್ಯಾಮೆರಾ ಬಾಡಿ (ಲೆನ್ಸ್ ಬಿಟ್ಟು ಬರೀ ಕ್ಯಾಮೆರಾ) ತಗೊಂಡೇ ಹೋಗಿ, ಅಂಗಡೀಲೇ ಹಾಕಿ ಜೂಮ್, ಫೋಕಸ್, ಕೈ ನಡುಕ ತಡೆಯೋ ಸ್ಟೆಬಿಲೈಸರ್ ನೋಡಿ, ಹತ್ತು ಫೋಟೋ ತೆಗೀರಿ, ಕೇಳಿದ್ರೆ ಬೇಡ ಅನ್ನಲ್ಲ.

ಬಾಡೀನೂ ಅಲ್ಲೇ ತಗೊಳೋ ಆಸೆ ಬಂದ್ರೆ ಹುಷಾರು, ಜಪಾನಿಗೆ ಮಾಡಿದ ಹೆಚ್ಚಿನ ಸೋನಿ ಬಾಡಿಗಳಲ್ಲಿ ಮೆನು ಬರೀ ಜಪಾನಿ ಭಾಷೇಲಿ ಇರತ್ತೆ, ಇಂಗ್ಲಿಷಿಗೆ ಬದಲಾಯ್ಸೋ ಆಪ್ಷನ್ನೇ ಇಲ್ಲ. ಲೆನ್ಸಿಗೆ ಆ ತೊಂದ್ರೆ ಇಲ್ಲ.

ಇನ್ನೊಂದು ಮರೀಬೇಡಿ, ಹೋಗುವಾಗ ಬೆಂಗಳೂರು ಏರ್‌ಪೋರ್ಟಲ್ಲೇ ಕಸ್ಟಮ್ಸಿನವ್ರಿಗೆ ನಿಮ್ಮ ಬಾಡಿ, ಲೆನ್ಸ್ ಸೀರಿಯಲ್ ನಂಬರ್ ತೋರಿಸಿ ಎಕ್ಸ್‌ಪೋರ್ಟ್ ಸರ್ಟಿಫಿಕೇಟ್ ಮಾಡಿಸ್ಕೊಳಿ, ಬರುವಾಗ ಹಳೇದಕ್ಕೂ ಡ್ಯೂಟಿ ಕೇಳೋ ಪ್ರಮೇಯ ಬರಲ್ಲ. ಹೊಸ ಲೆನ್ಸಿನ ಬಿಲ್ ಕೈಯಲ್ಲಿರ್ಲಿ, ಬೆಲೆ ಡ್ಯೂಟಿ ಫ್ರೀ ಮಿತಿ ದಾಟಿದ್ರೆ ರೆಡ್ ಚಾನೆಲಲ್ಲೇ (ಡ್ಯೂಟಿ ಕಟ್ಟೋರ ದಾರಿ) ಹೋಗಿ ಕಟ್ಟಿ. ನಿಮ್ಮ ಬಾಡಿ ಯಾವ್ದು ಅಂತ ಇಲ್ಲೇ ಹಾಕಿ, ಯಾವ ಮೌಂಟ್ (ಬಾಡಿಗೆ ಲೆನ್ಸ್ ಕೂರೋ ಜಾಗದ ಮಾದರಿ) ನೋಡ್ಬೇಕು ಅಂತ ಹೇಳ್ತೀನಿ.