ಕವಣಿ ಬೀಸೋ ಕೈ, ಗಿನ್ನೆಸ್ ಆಸೆ

ಪ್ರಶ್ನೆ: ಮಾಸ್ತರ್ರೀ, ಜೋಳದ ತೆನಿಗೆ ಬೀಳೋ ಗುಬ್ಬಿ, ಗಿಳಿ ಓಡಿಸ್ಲಿಕ್ಕೆ ಸಣ್ಣಾಂವ ಇದ್ದಾಗಿಂದ ಕವಣಿ ಬೀಸ್ತೀನಿ. ಈಗ 20 ಮೀಟರ್ ದೂರದಾಗ ತೂಗುಹಾಕಿದ ಗಡಿಗಿಗೆ ಹತ್ತರಾಗ ಆರು ಸಲ ಹೊಡೀತೀನಿ. ಗುರಿ ಹೊಡೆಯೋದ್ರಾಗ ಗಿನ್ನೆಸ್ ದಾಖಲೆ ಮಾಡಬೇಕಂತ ಆಸೆ ಅದ. ಹ್ಯಾಂಗ ತಯಾರಾಗಲಿ?
– ಒಬ್ಬ ಓದುಗ, ಶಹಾಪುರ ತಾಲ್ಲೂಕು, ಯಾದಗಿರಿ ಜಿಲ್ಲೆ

ಉತ್ತರ: ತಮ್ಮಾ, ನಿನ್ನ ಪತ್ರ ಎರಡು ಸಲ ಓದಿದೆ. ಸೇಡಂ ಹತ್ತಿರದ ನಮ್ಮ ಹೊಲದಲ್ಲಿ ಮಂಚಿಗೆ ಏರಿ ನಾನೂ ಹಕ್ಕಿ ಕಾದವನು. ಮುಂದೆ ಪಿ.ಟಿ. ಮಾಸ್ತರನಾಗಿ ಮೂವತ್ತು ವರ್ಷ ಮಕ್ಕಳ ಕೈಯಲ್ಲಿ ಗುಂಡು, ಭರ್ಜಿ ಎಸೆಸಿದೆ. ಹತ್ತಕ್ಕೆ ಆರು ಅಂದರೆ ಕೈ ಪಳಗಿದೆ. ಆದರೆ ಉಳಿದ ನಾಲ್ಕು ಎಲ್ಲಿಗೆ ಹೋದವು? ಅದನ್ನು ನೀನು ಬರೆದಿಲ್ಲ.

ಲೆಕ್ಕ ಹಾಕಿ ನೋಡು. ತೋಳು, ಹಗ್ಗ ಸೇರಿ ಒಂದೂವರೆ ಮೀಟರ್, ಕಲ್ಲಿನ ವೇಗ ಸೆಕೆಂಡಿಗೆ 30 ಮೀಟರ್ ಅಂತ ಹಿಡಿ. ಹಗ್ಗದ ತುದಿ ಬಿಡುವುದು ಸೆಕೆಂಡಿನ ಸಾವಿರದ ಒಂದು ಪಾಲು ತಡವಾದರೂ, 20 ಮೀಟರ್ ಆಚೆ ಕಲ್ಲು 40 ಸೆಂಟಿಮೀಟರ್, ಹೆಚ್ಚುಕಡಿಮೆ ಒಂದು ಮೊಳ, ಸರಿದುಬಿಡುತ್ತದೆ. ತಲೆಯ ಮೇಲೆ ಅಡ್ಡ ತಿರುಗಿಸಿದರೆ ಆ ತಪ್ಪು ಎಡಕ್ಕೋ ಬಲಕ್ಕೋ. ಪಕ್ಕದಲ್ಲಿ ಚಕ್ಕಡಿ ಗಾಲಿಯಂತೆ ನಿಲುವಾಗಿ ತಿರುಗಿಸಿದರೆ ಮೇಲಕ್ಕೋ ಕೆಳಕ್ಕೋ. ಹಾಗಾಗಿ ಒಂದೇ ಬೀಸು ರೂಢಿಸಿಕೋ. ನನ್ನ ಮಾತು ಕೇಳಿದರೆ ನಿಲುವು ಬೀಸೇ ಸರಿ, ಒಂದೇ ಸುತ್ತು ಸಾಕು.

ಪರಶಿಕಲ್ಲಿನ ಚಕ್ಕೆ ಮಾತ್ರ ಮುಟ್ಟಬೇಡ, ಚಪ್ಪಟೆ ಕಲ್ಲು ಗಾಳಿಯಲ್ಲಿ ಓಲಾಡುತ್ತದೆ. ಭೀಮಾ ದಂಡೆಯ ಗುಂಡುಕಲ್ಲು ಆರಿಸಿ, ಕಿರಾಣಿ ಅಂಗಡಿಯ ತಕ್ಕಡಿಯಲ್ಲಿ ತೂಗಿ, 50 ಗ್ರಾಂ ಆಸುಪಾಸಿನವನ್ನಷ್ಟೇ ಇಟ್ಟುಕೋ. 1981ರಲ್ಲಿ ಅಮೆರಿಕದ ಲ್ಯಾರಿ ಬ್ರೇ 52 ಗ್ರಾಂ ಕಲ್ಲನ್ನೇ ಕವಣೆಯಿಂದ 437.10 ಮೀಟರ್ ಎಸೆದದ್ದು. ಅದು ದೂರದ ದಾಖಲೆ, ಟೇಪು ಹಿಡಿದರೆ ಮುಗಿಯಿತು. ನಿನ್ನದು ಗುರಿಯದು. ಗುರಿ ಎಷ್ಟು ಅಗಲ, ಎಷ್ಟು ದೂರ, ಎಷ್ಟು ಹೊತ್ತಿನಲ್ಲಿ ಎಷ್ಟು ಪೆಟ್ಟು, ಎಲ್ಲ ಮೊದಲೇ ಗೊತ್ತಾಗಿರಬೇಕು. ಅದಕ್ಕೇ ಮೊದಲು ಅರ್ಜಿ ಹಾಕು. ಉತ್ತರ ಬರಲು 12 ವಾರವಾದರೂ ಹಿಡಿಯಬಹುದು. ಒಪ್ಪಿದರೆ ನಿಯಮ ಕಳಿಸುತ್ತಾರೆ, ಅದರ ಅಳತೆಗೇ ಅಭ್ಯಾಸ ತಿದ್ದಿಕೋ. ಎಡಿಟ್ ಮಾಡದ ವಿಡಿಯೊ ಬೇಕು, ಸಂಬಂಧವಿಲ್ಲದ ಸಾಕ್ಷಿಗಳು ಬೇಕು. ಅಪ್ಪ, ಕಾಕಾ ಪಕ್ಕದಲ್ಲಿ ನಿಲ್ಲಲಿ, ಸಹಿ ಮಾತ್ರ ಬೇರೆಯವರದು.

ಇನ್ನೊಂದು ಮಾತು, ಇದನ್ನು ಹಗುರಾಗಿ ತಗೋಬೇಡ. ಹನ್ನೆರಡನೇ ವಯಸ್ಸಿನಲ್ಲಿ ನಾನು ಬೀಸಿದ ಕಲ್ಲು ಹಿಂದಕ್ಕೆ ಹಾರಿ ನನ್ನ ತಮ್ಮನ ಹುಬ್ಬು ಸೀಳಿತ್ತು. ಆ ಗೆರೆ ಈಗಲೂ ಇದೆ, ನೋಡಿದಾಗೆಲ್ಲ ಎದೆ ಹಿಂಡುತ್ತದೆ. ಗಡಿಗೆಯ ಹಿಂದೆ ಮಣ್ಣಿನ ದಿಬ್ಬ ಇರಲಿ, ನಿನ್ನ ಹಿಂದೆ ಯಾರೂ ನಿಲ್ಲುವುದು ಬೇಡ.

ಹಿಂಗಾರಿ ಜೋಳ ಕೊಯ್ದು ಹೊಲ ಖಾಲಿಯಾದ ಮೇಲೆ ನೂರು ಕಲ್ಲು ಬೀಸು. ತಪ್ಪಿದ್ದು ಮೇಲೋ ಕೆಳಗೋ, ಎಡವೋ ಬಲವೋ, ಒಂದೊಂದನ್ನೂ ನೋಟ್‌ಬುಕ್ಕಿನಲ್ಲಿ ಬರೆದು ನನಗೆ ಕಳಿಸು. ಅದನ್ನು ನೋಡಿ ಮುಂದಿನದು ಹೇಳುತ್ತೇನೆ.